ಮಂಗಳಾರತಿ ತಟ್ಟೆಯ ಕಪ್ಪು ಕಲೆ

ಕಳೆದ ಶುಕ್ರವಾರ ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿ ಏಳುವಾಗ ಮೂಗಿಗೆ ಆ ವಾಸನೆ ಬಡಿಯಿತು. ಊದುಬತ್ತಿಯದಲ್ಲ, ಒಲೆಯ ಮೇಲಿನ ಹಾಲಿನದೂ ಅಲ್ಲ. ಸುಟ್ಟ ಪ್ಲಾಸ್ಟಿಕ್ಕಿನದು. ಸುಟ್ಟ ಪ್ಲಾಸ್ಟಿಕ್ಕಿನಲ್ಲೂ ಕುಲಗೋತ್ರ ಇರುತ್ತದೆ ಎಂದರೆ ನೀವು ನಗಬಹುದು. ಪೀಣ್ಯದ ಕಾರ್ಖಾನೆಗಳ ನಡುವೆ ಬಾಳ್ವೆ ಮಾಡಿದವರು ನಗುವುದಿಲ್ಲ. ಇದು ಅಂಗಡಿ ಚೀಲ ಸುಟ್ಟ ವಾಸನೆಯಲ್ಲ, ಬಕೆಟ್ಟಿನದಲ್ಲ. ಎದ್ದು ಹೋಗಿ ನೋಡಿದರೆ ಬಚ್ಚಲುಮನೆಯ ಗೀಸರಿನ ಸ್ವಿಚ್ಚಿನಿಂದ ಎಳೆಯಾಗಿ ಹೊಗೆ ಬರುತ್ತಿತ್ತು. ಮೇನ್ ಆರಿಸಿ ನಮ್ಮ ಮನೆಯವರನ್ನು ಕೂಗಿದೆ.

ಎಲೆಕ್ಟ್ರಿಷಿಯನ್ ಬಂದು ಬೋರ್ಡು ಬಿಚ್ಚಿದ. ಒಳಗೆ ವೈರಿನ ತುದಿ ಕರಗಿ ಹೋಗಿತ್ತು. ಸ್ವಿಚ್ಚಿನ ಬೆನ್ನು ಇದ್ದಲಿನ ಹಾಗಾಗಿತ್ತು. ಆದರೆ ಬೆಂಕಿ ಅಲ್ಲಿಂದ ಆಚೆಗೆ ಒಂದು ಬೆರಳಿನಷ್ಟೂ ಹೋಗಿರಲಿಲ್ಲ.

“ಪುಣ್ಯ ಮಾಡಿದ್ರಿ ಅಮ್ಮ. ಒಳ್ಳೆ ಮಾಲು ಇದು, ಸುಟ್ಕೊಂಡು ತಾನೇ ಆರೋಗೈತೆ. ಡೂಪ್ಲಿಕೇಟ್ ಆಗಿದ್ರೆ ಬಾಗ್ಲೂ ಹಿಡ್ಕೊಂಬಿಡೋದು,” ಅಂದ ಅವನು.

ನಮ್ಮ ಮನೆಯವರು ಆ ಸುಟ್ಟ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ನನ್ನ ಮುಖ ಮಾತ್ರ ನೋಡಲಿಲ್ಲ. ನೋಡದೆ ಇದ್ದುದರಿಂದಲೇ ನನಗೆ ತಿಳಿಯಿತು, ಅವರಿಗೂ ಆ ವರ್ಷವೇ ನೆನಪಾಗಿದೆ ಎಂದು.

ಆಗ ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಶೆಡ್ಡಿತ್ತು. ನಮ್ಮದು ಎಂದರೆ ನಮ್ಮ ಮನೆಯವರದು ಮತ್ತು ಅವರ ಅಣ್ಣನದು. ನನಗೆ ಅವರು ಭಾವ. ಗಿರಾಕಿ, ಬ್ಯಾಂಕು, ಮಾಲು ತರಿಸುವುದು ಎಲ್ಲ ಭಾವನವರ ಕೈಯಲ್ಲಿ. ಮಿಷನ್ನು, ಡೈ ಎನ್ನುವ ಅಚ್ಚು, ಕೆಲಸಗಾರರು ನಮ್ಮ ಮನೆಯವರ ಪಾಲಿಗೆ. ನಾನು ಲಗ್ಗೆರೆಯ ಮನೆಯಿಂದ ಪ್ರತಿ ಶುಕ್ರವಾರ ಹೂವಿನ ಬುಟ್ಟಿ ಹಿಡಿದು ನಡೆದುಹೋಗಿ, ಶೆಡ್ಡಿನ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಚೌಡಮ್ಮನ ಪಟಕ್ಕೆ ಪೂಜೆ ಮಾಡಿ ಬರುವವಳು. ಅಷ್ಟೇ ನನ್ನ ಪಾಲು. ಅದಕ್ಕಿಂತ ಹೆಚ್ಚು ನಾನು ಕೇಳಿದವಳೂ ಅಲ್ಲ.

ನಾವು ಚೊಂಬು, ಬಕೆಟ್ಟು ಮಾಡುತ್ತಿರಲಿಲ್ಲ. ಕರೆಂಟು ಮಿತಿಮೀರಿದರೆ ಮನೆಗಳಲ್ಲಿ ತಾನೇ ಬೀಳುವ ಟ್ರಿಪ್ ಸ್ವಿಚ್ಚು ಇರುತ್ತದಲ್ಲ, ಅದರೊಳಗೆ ಕೂರುವ ಹೆಬ್ಬೆರಳಿನಷ್ಟು ಬಿಳಿ ತುಂಡು ನಮ್ಮ ಶೆಡ್ಡಿನಲ್ಲಿ ಆಗುತ್ತಿತ್ತು. ಅದಕ್ಕೆ ಬೇಕಾದ ಮಾಲು ಸಬ್ಬಕ್ಕಿಯಂಥ ಕಾಳುಗಳಾಗಿ ಚೀಲದಲ್ಲಿ ಬರುತ್ತಿತ್ತು. ಬೆಂಕಿ ತಗುಲಿದರೂ ಹೊತ್ತಿಕೊಂಡು ಉರಿಯದ ಹಾಗೆ ಆ ಕಾಳಿಗೆ ಮದ್ದು ಸೇರಿಸಿರುತ್ತಾರೆ. ಯಾವ ಕಂಪನಿಯ, ಯಾವ ನಂಬರಿನ ಕಾಳು ಎನ್ನುವುದನ್ನು ಗಿರಾಕಿ ಕಂಪನಿಯವರೇ ಗೊತ್ತುಮಾಡಿದ್ದರು. ಅದನ್ನು ಬಿಟ್ಟು ಇನ್ನೊಂದು ಹಾಕುವ ಹಾಗಿರಲಿಲ್ಲ.

“ಒಬ್ಬನೇ ಗಿರಾಕಿ, ಒಂದೇ ಮಾಲು, ಆ ಮಾಲು ಕೊಡೋನೂ ಒಬ್ಬನೇ. ಒಂಟಿ ಕಾಲಲ್ಲಿ ನಿಂತಿದೀವಿ ಅಣ್ಣ,” ಎಂದು ನಮ್ಮ ಮನೆಯವರು ಆಗಾಗ ಹೇಳುತ್ತಿದ್ದರು.

“ಕೊಕ್ಕರೇನೂ ಒಂಟಿ ಕಾಲಲ್ಲೇ ಕಣೋ ನಿಲ್ಲೋದು. ಮೀನು ಸಿಗ್ತಿಲ್ವಾ ಅದಕ್ಕೆ?” ಎನ್ನುತ್ತಿದ್ದರು ಭಾವ. ಮಾತಿನಲ್ಲಿ ಅವರನ್ನು ಗೆದ್ದವರಿಲ್ಲ.

ಆ ಶೆಡ್ಡಿಗೆ ಒಂದು ಪದ್ಧತಿ ಇತ್ತು. ಆಯುಧಪೂಜೆಯ ದಿನ ಮಿಷನ್ನಿನಿಂದ ಮೊದಲು ಬಿದ್ದ ತುಂಡನ್ನು ಮಂಗಳಾರತಿ ತಟ್ಟೆಯಲ್ಲಿ ಕರ್ಪೂರದ ಮಗ್ಗುಲಿಗೆ ಇಡುವುದು. ಶೆಡ್ಡು ತೆರೆದ ವರ್ಷ ಭಾವನವರೇ ಇದನ್ನು ಶುರುಮಾಡಿದ್ದು. ಇದನ್ನು ಮರೆಯಬೇಡಿ, ನಾನಂತೂ ಮರೆತಿಲ್ಲ. ಕರ್ಪೂರದ ಉರಿ ತಾಗಿ ತುಂಡು ಕಪ್ಪಾಗುತ್ತಿತ್ತು, ಅಂಚು ಮೆತ್ತಗಾಗುತ್ತಿತ್ತು. ಕರ್ಪೂರ ಆರಿದ ಕೂಡಲೇ ಅದೂ ತೆಪ್ಪಗಾಗುತ್ತಿತ್ತು. ಮಿಷನ್ ಆಪರೇಟರು ಮಲ್ಲಪ್ಪ, ಲಿಂಗಸುಗೂರಿನ ಕಡೆಯವನು, “ಪಾಸ್ ರೀ!” ಎಂದು ಕೂಗುತ್ತಿದ್ದ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ಆ ಕಪ್ಪು ತುಂಡನ್ನು ಚೌಡಮ್ಮನ ಪಟದ ಕೆಳಗಿನ ಹಲಗೆಯ ಮೇಲೆ ಹಿಂದಿನ ವರ್ಷಗಳ ತುಂಡುಗಳ ಸಾಲಿಗೆ ಇಡುತ್ತಿದ್ದೆವು.

ಆ ವರ್ಷ ಶ್ರಾವಣದಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ಪೀಣ್ಯದ ರಸ್ತೆಗಳಲ್ಲಿ ಮಳೆ ಎಂದರೆ ನೀರಲ್ಲ, ಎಣ್ಣೆ ಬೆರೆತ ಕರಿ ಕೆಸರು. ಲಾರಿ ಹಾದರೆ ಸೀರೆಯ ನೆರಿಗೆಯವರೆಗೂ ಹಾರುತ್ತಿತ್ತು. ಶೆಡ್ಡಿನ ಶೀಟಿನ ಮೇಲೆ ಮಳೆ ಬಡಿಯುವ ಸದ್ದಿಗೆ ಪೂಜೆಯ ಗಂಟೆಯೇ ಕೇಳುತ್ತಿರಲಿಲ್ಲ. ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಹೋದಾಗಲೆಲ್ಲ ಕರಗಿದ ಮಾಲು ಮಿಷನ್ನಿನ ಹೊಟ್ಟೆಯಲ್ಲೇ ಹೆಪ್ಪುಗಟ್ಟುತ್ತಿತ್ತು. ಅದನ್ನು ಬಿಡಿಸುವುದರಲ್ಲಿ ನಮ್ಮ ಮನೆಯವರ ಕೈಗಳ ತುಂಬ ಬೊಬ್ಬೆ. ಕಣ್ಣಿಗೆ ಸಿಡಿಯಲಿಲ್ಲವಲ್ಲ ಎಂದು ಚೌಡಮ್ಮನಿಗೆ ತುಪ್ಪದ ದೀಪ ಹಚ್ಚಿದೆ.

ಅದರ ಮೇಲೆ ಮಾಲು ಬರುವುದು ನಿಂತಿತು. ಹೊರದೇಶದಿಂದ ಬರುವ ಕಾಳು ಅದು. ಹಡಗು ಹೊರಟಿಲ್ಲ ಅಂದರು. ಹೊರಟಿದೆ, ಬಂದರಿನಲ್ಲಿ ನಿಂತಿದೆ ಅಂದರು. ಕೊನೆಗೆ, ಬಂದಿದೆ, ಆದರೆ ದೊಡ್ಡ ಕಂಪನಿಗಳಿಗೆ ಮೊದಲು ಅಂದರು. ಬೆಲೆ ಏರಿತು. ಗಿರಾಕಿ ಕಂಪನಿಯವರು ಮಾತ್ರ ನಮಗೆ ಕೊಡುವ ದರ ಏರಿಸಲಿಲ್ಲ, ತಡ ಮಾಡಿದರೆ ಇನ್ನೊಬ್ಬರಿಗೆ ಆರ್ಡರು ಕೊಡುತ್ತೇವೆ ಎಂದು ಹೆದರಿಸಿದರು.

ಒಂದು ಭಾನುವಾರ ಭಾವ ನಮ್ಮ ಮನೆಗೆ ಊಟಕ್ಕೆ ಬಂದರು. ನಾನು ಮುದ್ದೆ ಬಡಿಸುತ್ತಿದ್ದೆ. ಅಣ್ಣ ತಮ್ಮಂದಿರ ನಡುವೆ ಮಾತು ಬೆಳೆಯಿತು.

“ಹೊಸೂರು ರೋಡಲ್ಲಿ ಒಬ್ಬ ಹಳೇ ಮಾಲು ಕರಗಿಸಿ ಕಾಳು ಮಾಡ್ತಾನೆ. ಅರ್ಧ ಅದು, ಅರ್ಧ ನಮ್ದು. ಕಣ್ಣಿಗೆ ಕಾಣುತ್ತಾ ಏನು?” ಅಂದರು ಭಾವ.

“ಕಣ್ಣಿಗೆ ಕಾಣಲ್ಲ ಅಣ್ಣ. ಬೆಂಕಿಗೆ ಕಾಣುತ್ತೆ.”

“ಬೆಂಕಿ ಬಿದ್ದಾಗ ನೋಡ್ಕೊಳ್ಳೋಣ ಬಿಡು.”

“ಯಾರ ಮನೇಲಿ ಬಿದ್ದಾಗ?”

“ನಿನ್ ಮನೇಲಂತೂ ಅಲ್ವಲ್ಲ! ನಿಮ್ಮನೇಲಿ ಇರೋದು ಆ ಕಾಲದ ಫ್ಯೂಜು,” ಎಂದು ಭಾವ ನಕ್ಕರು. ನನ್ನ ಕಡೆ ತಿರುಗಿ, “ಸಾರು ಹಾಕಮ್ಮ ವನಜಾ, ನಿನ್ ಗಂಡ ಭಾಷಣ ಮಾಡ್ಲಿ, ನಾವು ಉಣ್ಣೋಣ,” ಅಂದರು. ಹಾಕಿದೆ. ಆ ಸಾರನ್ನು ಬೀದಿನಾಯಿಗೆ ಹಾಕಿದ್ದರೂ ಬಾಲ ಆಡಿಸುತ್ತಿತ್ತು.

ಮುಂದಿನ ಶುಕ್ರವಾರ ನಾನು ಶೆಡ್ಡಿನ ಬಾಗಿಲಲ್ಲಿ ರಂಗೋಲಿ ಬಿಡುತ್ತಿರುವಾಗಲೇ ಟೆಂಪೋ ಬಂತು. ಅದರಲ್ಲಿದ್ದ ಚೀಲಗಳ ಮೇಲೆ ಕಂಪನಿಯ ಹೆಸರಿಲ್ಲ, ನಂಬರಿಲ್ಲ. ಟೆಂಪೋದ ಚಕ್ರ ನನ್ನ ರಂಗೋಲಿಯ ಮೇಲೆಯೇ ನಿಂತಿತು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನೋಡಿದರು. ಈಗ ಒಂದು ಮಾತು ಆಡುತ್ತಾರೆ, ಈಗ ಆಡುತ್ತಾರೆ ಎಂದು ಕಾದೆ. ಅವರು ಮುಂದೆ ಬಂದು ಒಂದು ಚೀಲಕ್ಕೆ ಹೆಗಲು ಕೊಟ್ಟರು.

ಆಯುಧಪೂಜೆ ಬಂತು. ಮಿಷನ್ನುಗಳನ್ನು ತೊಳೆದು ಒರೆಸಿ, ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದೆವು. ಗುಡಿಯಿಂದ ತಂದ ತೀರ್ಥದಲ್ಲಿ ಮಾವಿನೆಲೆ ಅದ್ದಿ ಮಿಷನ್ನಿಗೆ, ಡೈಗಳಿಗೆ, ಮಾಲಿನ ಕೋಣೆಯ ಚೀಲಗಳಿಗೆ ಎಲ್ಲದಕ್ಕೂ ಪ್ರೋಕ್ಷಣೆ ಮಾಡಿದೆ. ಪ್ರತಿ ವರ್ಷ ಮಾಡುವುದೇ. ಮಲ್ಲಪ್ಪ ಮೊದಲ ತುಂಡನ್ನು ತಂದು ತಟ್ಟೆಯಲ್ಲಿಟ್ಟ. ಕರ್ಪೂರ ಹಚ್ಚಿ ಮಂಗಳಾರತಿ ಎತ್ತಿದೆ.

ತುಂಡು ಕಪ್ಪಾಗಲಿಲ್ಲ, ಹೊತ್ತಿಕೊಂಡಿತು. ಕರ್ಪೂರ ಮುಗಿಯಿತು. ತುಂಡು ಮುಗಿಯಲಿಲ್ಲ. ಹಳದಿ ಉರಿ ಎದ್ದು, ಮೇಲೆ ಕಾಡಿಗೆಯಂಥ ಹೊಗೆ ಏರಿ, ಉರಿಯುತ್ತಲೇ ತೊಟ್ಟು ತೊಟ್ಟಾಗಿ ಹಿತ್ತಾಳೆಯ ತಟ್ಟೆಗೆ ಇಳಿಯಿತು. ಚಪ್ಪಾಳೆಗೆ ಎತ್ತಿದ ಕೈಗಳು ಹಾಗೇ ನಿಂತವು.

“ಏನ್ರೀ ಅಕ್ಕಾರ, ಈ ವರ್ಷ ತಾಯಿ ನಮ್ಮನ್ನ ಫೇಲ್ ಮಾಡಿದ್ಲಲ್ರೀ!” ಅಂದ ಮಲ್ಲಪ್ಪ. ಯಾರೂ ನಗಲಿಲ್ಲ.

ಭಾವ ಬಾಗಿ ಊದಿ ಆರಿಸಿದರು. ದೇವರ ಆರತಿಯನ್ನು ಬಾಯಿಂದ ಊದಿದರು! “ಕರ್ಪೂರ ಜಾಸ್ತಿ ಹಾಕ್ಬಿಟ್ಯಲ್ಲಮ್ಮ ವನಜಾ. ದೇವ್ರೇನು ಕರ್ಪೂರ ಲೆಕ್ಕ ಹಾಕ್ತಾನಾ? ನಡೀರಿ, ನಡೀರಿ, ಪುಳಿಯೋಗರೆ ಆರೋಗ್ತದೆ,” ಅಂದರು. ನಮ್ಮ ಮನೆಯವರು ತಟ್ಟೆಯನ್ನೇ ನೋಡುತ್ತಿದ್ದರು. ಆ ವರ್ಷದ ತುಂಡನ್ನು ಹಲಗೆಯ ಮೇಲಿನ ಸಾಲಿಗೆ ಯಾರೂ ಇಡಲಿಲ್ಲ. ಮನೆಗೆ ಬಂದು ತಟ್ಟೆಯನ್ನು ಹುಣಸೆಹಣ್ಣು, ಬೂದಿ, ಉಪ್ಪು ಹಾಕಿ ಉಜ್ಜಿದೆ. ತೊಟ್ಟಿಕ್ಕಿದ ಜಾಗದ ಕಪ್ಪು ಬಿಡಲಿಲ್ಲ.

ದೀಪಾವಳಿಗೆ ಮುಂಚೆ ಗಿರಾಕಿ ಕಂಪನಿಯಿಂದ ದೂರು ಬಂತು. ಸ್ಕ್ರೂ ಬಿಗಿಯುವಾಗ ತುಂಡುಗಳು ಬಿರುಕು ಬಿಡುತ್ತಿವೆ, ಕಾರಣ ಹೇಳಿ ಎಂದು. ಅವರಿಗೆ ಗೊತ್ತಾಗಿದ್ದುದು ಬಿರುಕು ಮಾತ್ರ. ಉರಿ ಇನ್ನೂ ಗೊತ್ತಾಗಿರಲಿಲ್ಲ.

ಭಾವ ಮನೆಗೆ ಬಂದವರು ಕೂರಲೂ ಇಲ್ಲ.

“ವನಜಾ, ಪೂಜೆ ದಿನ ಚೀಲದ ಮೇಲೆ ನೀರು ಹಾಕಿದ್ಯಲ್ಲ?”

“ತೀರ್ಥ ಭಾವ.”

“ನೀರೇ ತಾನೆ? ಈ ಮಾಲಿಗೆ ನೀರು ಅಂದ್ರೆ ವಿಷ. ಕಾಳು ನೀರು ಕುಡಿದ್ರೆ ತುಂಡು ಬಿಸ್ಕತ್ತು ಮುರಿದಂಗೆ ಮುರಿಯುತ್ತೆ. ಕಂಪನಿಯವರಿಗೆ ಅದನ್ನೇ ಹೇಳಿದೀನಿ. ನಮ್ಮ ತಮ್ಮನ ಹೆಂಡ್ತಿಗೆ ಭಕ್ತಿ ಜಾಸ್ತಿ, ಬೇಡ ಅಂದ್ರೂ ನೀರು ಚಿಮುಕಿಸಿಬಿಟ್ಲು ಅಂತ. ಕೇಳಿ ಅವ್ರೂ ನಕ್ರು. ಅವರ ಕ್ವಾಲಿಟಿ ಮೇಡಂ ಒಂದ್ಸಲ ಬಂದು ನೋಡ್ತಾರಂತೆ. ನೀನು ಬಂದು ಹೂಂ ಅನ್ನು, ಸಾಕು.”

ಅವರು ಹೋದ ಮೇಲೆ ನಮ್ಮ ಮನೆಯವರನ್ನು ಕೇಳಿದೆ, “ರೀ, ನಿಜವಾಗ್ಲೂ ನನ್ನ ತೀರ್ಥದಿಂದಾನಾ?”

“ಬಿಸಿಗಾಳೀಲಿ ಒಣಗಿಸಿಯೇ ಕಾಳನ್ನ ಮಿಷನ್ನಿಗೆ ಹಾಕೋದು. ನಿನ್ನ ಹನಿ ಯಾವ ಲೆಕ್ಕ.”

“ಮತ್ತೆ ಅದನ್ನ ನಿಮ್ಮಣ್ಣನ ಮುಂದೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಏನು ಉಳಿಯುತ್ತೆ ಕಣೆ? ನೀರು ಅಂದ್ರೆ ತಪ್ಪು. ಮಾಲು ಅಂದ್ರೆ ಮೋಸ. ತಪ್ಪಿಗೆ ಕ್ಷಮೆ ಇದೆ. ಮೋಸಕ್ಕೆ ಶೆಡ್ಡಿನ ಬಾಗಿಲು ಮುಚ್ಚೋದೇ.”

“ಆ ಮೇಡಂ ಒಪ್ಪಿಕೊಂಡ್ರೆ ಮಾಡಿಟ್ಟಿರೋ ತುಂಡುಗಳು?”

ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಬಿರುಕಿಲ್ಲದೆ ಚೆನ್ನಾಗಿ ಬಂದವನ್ನು ಆರಿಸಿ ಡಬ್ಬಗಳಲ್ಲಿ ತುಂಬಿ ಶೆಡ್ಡಿನ ಗೋಡೆಯುದ್ದಕ್ಕೂ ಜೋಡಿಸಿದ್ದರು. ಅವು ಹೊರಟುಹೋಗುತ್ತವೆ. ಯಾರದೋ ಮನೆಯ ಗೋಡೆಯೊಳಗೆ ಕೂರುತ್ತವೆ. ಆ ಮನೆಯಲ್ಲೂ ಒಬ್ಬಳು ಬೆಳಿಗ್ಗೆ ಎದ್ದು ದೀಪ ಹಚ್ಚುತ್ತಾಳೆ.

ಆ ವಾರವೆಲ್ಲ ನಾನು ಯಾರ ಬಾಯಿಗೆ ಬೀಳಲಿಲ್ಲ ಹೇಳಿ. ಭಾವನ ಹೆಂಡತಿ, ನನ್ನ ವಾರಗಿತ್ತಿ, ನೆಂಟರಿಗೆಲ್ಲ ಫೋನು ಮಾಡಿ, “ಮಡಿ ಮಡಿ ಅಂತ ಕುಣಿದೂ ಕುಣಿದೂ ಕಂಪ್ನಿ ಮುಳುಗ್ಸಿದ್ಲು” ಅಂದಳು. ತಾಂಬೂಲಕ್ಕೆ ಕರೆದರೆ ಬರಲಿಲ್ಲ. ಮಾಲಿನ ಕೋಣೆಯ ಬಾಗಿಲಿಗೆ ಭಾವ ದಪ್ಪ ಅಕ್ಷರದ ಬೋರ್ಡು ಹಾಕಿಸಿದರು: ಇಲ್ಲಿ ಪೂಜೆ ನಿಷೇಧಿಸಲಾಗಿದೆ. ಅದನ್ನು ಓದಿದಾಗ ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ನನ್ನನ್ನು ದಡ್ಡಿ ಅಂದಿದ್ದರೆ ನುಂಗಿಕೊಳ್ಳುತ್ತಿದ್ದೆ. ಮದುವೆಯಾದಾಗಿನಿಂದ ಅದೇ ಅಭ್ಯಾಸ. ಆದರೆ ಇವರ ಮೋಸಕ್ಕೆ ಹೊದಿಸಲು ನನ್ನ ತಾಯಿ ಚೌಡಮ್ಮನ ತೀರ್ಥವೇ ಬೇಕಾಯಿತೆ? ಹುಂಡಿ ಒಡೆಯುವವನಾದರೂ ದೇವರಿಗೆ ಬೆನ್ನು ತಿರುಗಿಸಿ ಒಡೆಯುತ್ತಾನೆ. ಇವರು ದೇವರನ್ನೇ ಸಾಕ್ಷಿಗೆ ಕರೆದರು.

ಆ ಮೇಡಂ ಬಂದದ್ದು ಶುಕ್ರವಾರವೇ. ಅದೊಂದು ಉಪಕಾರ ಎಂದುಕೊಳ್ಳುತ್ತೇನೆ, ಪೂಜೆಯ ಬುಟ್ಟಿ ನನ್ನ ಕೈಯಲ್ಲಿತ್ತು. ಸ್ಕೂಟರಿನಲ್ಲಿ ನೆನೆದು ಬಂದ ಚಿಕ್ಕ ವಯಸ್ಸಿನ ಹೆಣ್ಣುಮಗಳು; ರೇನ್‌ಕೋಟು ಬಿಚ್ಚಿ ಜಾಡಿಸಿ, ಒಣಗಿಸುವ ಮಿಷನ್ನು, ಚೀಲ ಇಡುವ ಜಾಗ ಎಲ್ಲ ನೋಡಿದಳು. ಹೆಸರಿಲ್ಲದ ಚೀಲಗಳು ಅಷ್ಟರಲ್ಲಿ ಮಾಯವಾಗಿದ್ದವು. ಕಂಪನಿಯ ಹೆಸರಿದ್ದ ಹಳೆಯ ಚೀಲಗಳು ಸಾಲಾಗಿ ನಿಂತಿದ್ದವು. ಭಾವ ಅವಳಿಗೆ ಎಳನೀರು ತರಿಸಿದರು.

“ಇವ್ರೇ ಮೇಡಂ ನಮ್ಮ ಭಕ್ತೆ,” ಎಂದು ನನ್ನನ್ನು ತೋರಿಸಿ ನಕ್ಕರು.

ಅವಳು ಮಾತ್ರ ನಗಲಿಲ್ಲ. “ಆಂಟಿ, ಚೀಲದ ಮೇಲೆ ನೀರು ಹಾಕಿದ್ದು ನೀವೇನಾ?” ಎಂದು ಕೇಳಿದಳು.

ನಮ್ಮ ಮನೆಯವರ ಕಡೆ ನೋಡಿದೆ. ಅವರು ಮಿಷನ್ನಿನ ಗುಂಡಿಗಳ ಮೇಲೆ ಇಲ್ಲದ ಧೂಳನ್ನು ಒರೆಸುತ್ತಿದ್ದರು.

“ಹೌದಮ್ಮ. ಹಾಕಿದ್ದು ನಾನೇ,” ಅಂದೆ. ಭಾವನ ಉಸಿರು ಸಡಿಲಾದದ್ದು ನನಗೆ ಕೇಳಿಸಿತು. “ಆದ್ರೆ ಆ ದಿನದ ಪೂಜೇಲಿ ಅದೊಂದೇ ಅಲ್ಲ ಮಾಡಿದ್ದು. ಉಳಿದದ್ದನ್ನೂ ನೋಡಿಬಿಡು.”

ಬುಟ್ಟಿಯಿಂದ ತಟ್ಟೆ ತೆಗೆದೆ. ಗೋಡೆಯ ಬದಿಯ ಡಬ್ಬದಿಂದ ಒಂದು ತುಂಡು ತೆಗೆದು ಕರ್ಪೂರದ ಪಕ್ಕಕ್ಕಿಟ್ಟೆ.

“ಏಯ್ ವನಜಾ! ಬೋರ್ಡ್ ಕಾಣಲ್ವಾ? ಪೂಜೆ ಇಲ್ಲ ಇಲ್ಲಿ!” ಭಾವನ ದನಿ ಶೀಟಿಗೆ ಬಡಿಯಿತು.

“ಇರ್ಲಿ ಸರ್, ಮಾಡ್ಲಿ,” ಅಂದಳು ಅವಳು.

ಮಳೆಯ ತಂಡಿಗೆ ಬೆಂಕಿಕಡ್ಡಿ ಹೊತ್ತಲಿಲ್ಲ. ಗೀರಿದೆ, ಮತ್ತೆ ಗೀರಿದೆ. ತಾಯಿ, ಹೊತ್ತಿಸು, ಆಮೇಲೆ ನಿನ್ನಿಷ್ಟ ಎಂದುಕೊಂಡೆ. ಹೊತ್ತಿತು. ಕರ್ಪೂರ ಉರಿದು ಮುಗಿಯಿತು. ತುಂಡು ಉರಿಯುತ್ತಲೇ ಇತ್ತು. ಹೊಗೆ ಬಿಟ್ಟುಕೊಂಡು, ತಟ್ಟೆಯ ಹಳೆಯ ಕಲೆಯ ಮೇಲೆಯೇ ತೊಟ್ಟಿಕ್ಕಿತು.

ಆ ಹುಡುಗಿ ಎಳನೀರನ್ನು ಕೆಳಗಿಟ್ಟಳು. ಚೌಡಮ್ಮನ ಪಟದ ಕೆಳಗಿನ ಸಾಲನ್ನು ನೋಡಿ, “ಇವೇನು?” ಎಂದು ಕೇಳಿದಳು.

ಮಲ್ಲಪ್ಪ ನೆಲ ನೋಡುತ್ತ ಹೇಳಿದ, “ಹಿಂದಿನ ವರ್ಷದ್ವು ರೀ ಮೇಡಂ. ಅವೆಲ್ಲ ಪಾಸ್ ಆದಂಥವು.”

ಅವಳು ಯಾರನ್ನೂ ಬೈಯಲಿಲ್ಲ. ಫೋನು ತೆಗೆದುಕೊಂಡು ಮಳೆಯಲ್ಲೇ ಹೊರಗೆ ಹೋದಳು. ಸಂಜೆಯೊಳಗೆ ಕಂಪನಿಯವರು ಬಂದು, ಕಳಿಸುವ ಹಾಗಿಲ್ಲ ಎಂದು ಡಬ್ಬಗಳಿಗೆಲ್ಲ ಕೆಂಪು ಟೇಪು ಸುತ್ತಿದರು. ಆಗಲೇ ಕಳಿಸಿದ್ದನ್ನೂ ವಾಪಸು ತರಿಸಿದರಂತೆ. ನನಗೆ ತಿಳಿದ ಮಟ್ಟಿಗೆ ಯಾರ ಮನೆಯೂ ಸುಡಲಿಲ್ಲ. ಆ ವರ್ಷ ದೇವರು ಮಾಡಿದ ಉಪಕಾರಗಳಲ್ಲಿ ಅದನ್ನೇ ನಾನು ಮೊದಲಿಗೆ ಇಡುವುದು.

ಉಳಿದದ್ದೆಲ್ಲ ಕಹಿ. ಗಿರಾಕಿ ಹೋದ. ಒಂಟಿ ಕಾಲು ಮುರಿದ ಮೇಲೆ ಶೆಡ್ಡು ನಿಲ್ಲುವುದೆಲ್ಲಿ? ಮಿಷನ್ನುಗಳನ್ನು ಮಾರುವ ದಿನ ಭಾವ ಎಲ್ಲರ ಎದುರು ಅಂದರು, “ನಿನ್ ದೇವ್ರು ನಮ್ ಬಾಯಿಗೆ ಮಣ್ಣಾಕ್ದ. ಈಗ ಹಚ್ಚು ಕರ್ಪೂರ.”

“ಮಣ್ಣಾದ್ರೆ ತೊಳ್ಕೋಬಹುದು ಭಾವ, ಬೆಂಕಿ ಆಗಿದ್ದಿದ್ರೆ?” ಅಂದೆ. ಅವರ ಎದುರು ನಾನು ತಿರುಗಿ ಆಡಿದ ಮೊದಲ ಮಾತು ಅದು. ಕೊನೆಯದೂ ಅದೇ, ಆಮೇಲೆ ಅವರು ನನ್ನೊಡನೆ ಮಾತಾಡಿಲ್ಲ.

ಭಾವನ ಮಾತು ನನಗೆ ತಟ್ಟಲಿಲ್ಲ. ತಟ್ಟಿದ್ದು ಮಲ್ಲಪ್ಪನದು. ಬಾಡಿಗೆ ರೂಮು ಖಾಲಿ ಮಾಡಿ, ಟ್ರಂಕು ಹೊತ್ತು ಹೊರಟವನು ನಮ್ಮ ಬಾಗಿಲಲ್ಲಿ ನಿಂತು, “ನಿಮ್ದು ಖರೇ ಅದ ರೀ ಅಕ್ಕಾರ. ಆದ್ರ ನಿಮ್ ಕರ್ಪೂರಕ್ಕ ನಮ್ ಕೂಳೂ ಸುಡ್ತು ನೋಡ್ರಿ,” ಅಂದ. ಒಳಗೆ ಕರೆದೆ, ಬರಲಿಲ್ಲ. ಚಪಾತಿ ಕಟ್ಟಿಕೊಟ್ಟೆ, ತೆಗೆದುಕೊಂಡ.

ನಮ್ಮ ಮನೆಯವರು ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಶಿಫ್ಟು ಸೂಪರ್‌ವೈಸರ್ ಆದರು. ಲಗ್ಗೆರೆಯಿಂದ ಅಲ್ಲಿಗೆ ಊರಿನ ಒಂದು ತುದಿಯಿಂದ ಇನ್ನೊಂದು ತುದಿ. ಬಸ್ಸಿನಲ್ಲಿ ನಿಂತು ನಿಂತು ಕಾಲಿನ ನರ ಊದಿಕೊಂಡವು. ಎಣ್ಣೆ ಹಚ್ಚುವಾಗ ಒಂದು ಸಲ ಅಂದರು, “ನಿನಗೆ ನಿನ್ನ ದೇವ್ರು ಸಿಕ್ದ. ನನಗೆ ಈ ಬಸ್ಸು ಸಿಕ್ತು.” ಹಚ್ಚುತ್ತಿದ್ದ ಕೈಯನ್ನು ನಿಲ್ಲಿಸಲಿಲ್ಲ, ಆದರೆ ಆ ಮಾತನ್ನು ಮರೆತೂ ಇಲ್ಲ. ಚೀಲಕ್ಕೆ ಹೆಗಲು ಕೊಟ್ಟವರು ಅವರು. ಸೀಟು ಸಿಗದಿದ್ದರೆ ಅದಕ್ಕೂ ನನ್ನ ಕರ್ಪೂರವೇ ಹೊಣೆಯೆ?

ಶುಕ್ರವಾರ ಎಲೆಕ್ಟ್ರಿಷಿಯನ್ ಹೋದ ಮೇಲೂ ಅವರು ಆ ಸುಟ್ಟ ಸ್ವಿಚ್ಚನ್ನು ಕೈಯಲ್ಲೇ ಹಿಡಿದಿದ್ದರು. ಅಡುಗೆಮನೆಗೆ ಬಂದು ಗ್ಯಾಸ್ ಹಚ್ಚಿ, ಅದರ ಸುಡದ ಮೂಲೆಯನ್ನು ಇಕ್ಕಳದಲ್ಲಿ ಉರಿಗೆ ಹಿಡಿದರು. ಕಪ್ಪಾಯಿತು. ಹೊರಗೆ ತೆಗೆದರು. ಆರಿತು.

“ಯಾರೋ ಸರಿಯಾಗಿ ಮಾಡಿದಾರೆ,” ಅಂದರು.

ಅಷ್ಟೇ. ನೀನು ಮಾಡಿದ್ದು ಸರಿ ಎಂದು ಅನ್ನಲಿಲ್ಲ. ಅನ್ನುವುದೂ ಇಲ್ಲ. ಇಕ್ಕಳವನ್ನು ತೊಳೆದು ಅದರ ಜಾಗದಲ್ಲಿಟ್ಟು ಹೋದರು. ಇಷ್ಟು ವರ್ಷಗಳಲ್ಲಿ ಅವರು ತೊಳೆದಿಟ್ಟ ಮೊದಲ ಪಾತ್ರೆ ಅದು. ಇದನ್ನೂ ಉಪಕಾರದ ಲೆಕ್ಕಕ್ಕೇ ಹಾಕಿಕೊಂಡೆ.

ಭಾವ ಚಿಕ್ಕಬಾಣಾವರದಲ್ಲಿ ಹೊಸ ಮನೆ ಕಟ್ಟಿಸಿದ್ದಾರೆ. ಈಗ ಪ್ಲಾಸ್ಟಿಕ್ ಕುರ್ಚಿ ಮಾಡುವವರಿಗೆ ಕಾಳು ಮಾರುತ್ತಾರಂತೆ, ಯಾವ ಕಾಳು ಎಂದು ನಾನು ಕೇಳಿಲ್ಲ. ಗೃಹಪ್ರವೇಶದ ಕಾರ್ಡನ್ನು ಯಾರದೋ ಕೈಯಲ್ಲಿ ಕಳಿಸಿದ್ದಾರೆ. ತಾವು ಬರಲಿಲ್ಲ, ಹೆಂಡತಿಯನ್ನು ಕುಂಕುಮ ಕೊಟ್ಟು ಕರೆಯಲು ಕಳಿಸಲೂ ಇಲ್ಲ. ನಾನು ಹೋಗುವುದಿಲ್ಲ. ಆದರೆ ದೇವರ ಮುಂದೆ ಕುಳಿತಾಗ ಒಬ್ಬರನ್ನು ಬಿಟ್ಟು ಬೇಡಿಕೊಳ್ಳುವ ಅಭ್ಯಾಸ ನನಗಿಲ್ಲ. ಕಪ್ಪು ಕಲೆಯ ಅದೇ ತಟ್ಟೆಯಲ್ಲಿ ದಿನವೂ ಕರ್ಪೂರ ಹಚ್ಚುತ್ತೇನೆ, ಅವರ ಮನೆಗೂ ಸೇರಿಸಿ ಬೇಡಿಕೊಳ್ಳುತ್ತೇನೆ: ತಾಯಿ, ಆ ಹೊಸ ಮನೆಯ ಗೋಡೆಯೊಳಗಿನ ಒಂದು ಸ್ವಿಚ್ಚನ್ನೂ ನಮ್ಮ ಭಾವನಂಥವರು ಮಾಡಿರದೆ ಇರಲಿ.